ಮರಗಸಿಗೆ ಚೈನ್ ಗರಗಸ: ಪೆಟ್ಟು ಬರುವುದು ಎಲ್ಲಿಂದ?

ಹೂಮಳೆ ಕಳೆದು ಮುಂಗಾರು ಹಿಡಿಯುವುದರೊಳಗೆ ನೆರಳು ಮರಗಳ ಕಸಿ ಮುಗಿಯಬೇಕು. ಕತ್ತಿ, ಕೊಡಲಿಗಳಲ್ಲಿ ನಡೆಯುತ್ತಿದ್ದ ಈ ಕೆಲಸದ ಬಹುಪಾಲು ಈಗ ಚೈನ್ ಗರಗಸದ ಪಾಲಾಗಿದೆ. ಆಳುಗಳು ಸಿಗದ ಈ ಕಾಲದಲ್ಲಿ ಅದನ್ನು ಕೈಬಿಡಿರೆಂದು ಹೇಳುವುದು ನ್ಯಾಯವಲ್ಲ, ನಾವು ಹೇಳುವುದೂ ಇಲ್ಲ. ಆದರೆ ಈ ಯಂತ್ರದ ಗಾಯ ಕತ್ತಿಯ ಗಾಯದಂತಲ್ಲವೆಂಬುದನ್ನು ಬೆಳೆಗಾರ ಬಂಧುಗಳು ಮೊದಲು ಮನಗಾಣಬೇಕು. ಕತ್ತಿ ಸೀಳುತ್ತದೆ. ಚೈನು ಚರ್ಮ, ಮಾಂಸ, ನರಗಳನ್ನು ಕಿತ್ತುಕೊಂಡೇ ಹೋಗುತ್ತದೆ; ಹೊಲಿಗೆ ಹಾಕಲು ನೇರವಾದ ಅಂಚೇ ಉಳಿದಿರುವುದಿಲ್ಲ.

ಈಗಿನ ಚೈನಿನ ಹಲ್ಲಿಗೆ ಮೂಲ ಮಾದರಿ ಒಂದು ಮರಕೊರಕ ಹುಳು ಎಂದರೆ ಬಿಳಿ ಕಾಂಡಕೊರಕದ ಕಾಟ ಕಂಡ ಅರೇಬಿಕಾ ಬೆಳೆಗಾರರಿಗೆ ಆಶ್ಚರ್ಯವಾದೀತು. ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವಾತ 1946ರಲ್ಲಿ ಒಂದು ಕೊರಡಿನಲ್ಲಿ ಹುಳು ತನ್ನ ಎರಡು ದವಡೆಗಳಿಂದ ಎಡಕ್ಕೂ ಬಲಕ್ಕೂ ಕೊರೆಯುತ್ತಾ ಸಾಗುವುದನ್ನು ಕಂಡು, ಎಡಬಲ ಹಲ್ಲುಗಳ ಚೈನನ್ನು ರೂಪಿಸಿದನು. ಇಂದು ನಮ್ಮ ತೋಟಗಳಲ್ಲಿ ತಿರುಗುತ್ತಿರುವುದು ಬಹುಮಟ್ಟಿಗೆ ಅದೇ ಬಗೆಯದು. ಪೂರ್ಣ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 70 ಕಿಲೋಮೀಟರಿಗೂ ಮಿಕ್ಕಿದ ವೇಗ.

ಅತ್ಯಂತ ಭೀಕರವಾದ ಪೆಟ್ಟು ಬರುವುದು ಬಾರಿನ ಮೂತಿಯಿಂದ. ಬಾರಿನ ಮೇಲಂಚಿನಲ್ಲಿ ಚೈನು ನಮ್ಮಿಂದ ಮುಂದಕ್ಕೆ ಓಡಿ ಮೂತಿಯಲ್ಲಿ ಕೆಳಕ್ಕೆ ತಿರುಗುತ್ತದೆ. ಈ ತಿರುವಿನ ಮೇಲ್ಭಾಗ ಇನ್ನೊಂದು ಕೊಂಬೆಗೋ ಮರೆಯಲ್ಲಿರುವ ಕೊರಡಿಗೋ ತಗುಲಿತೆಂದರೆ ಹಲ್ಲು ಕಚ್ಚಿಕೊಂಡು ನಿಲ್ಲುತ್ತದೆ. ಎಂಜಿನ್ನಿನ ಬಲವೆಲ್ಲ ಆಗ ಹಿಮ್ಮೊಗವಾಗಿ, ಬಾರು ಮೇಲಕ್ಕೂ ಹಿಂದಕ್ಕೂ, ಹಿಡಿದವನ ಮುಖ, ಕುತ್ತಿಗೆ, ಹೆಗಲುಗಳ ಕಡೆಗೆ ಚಿಮ್ಮುತ್ತದೆ. ಕಣ್ಣು ಕಂಡು, ಮನಸ್ಸು ತಿಳಿದು, ಕೈ ಸರಿಯುವಷ್ಟು ಹೊತ್ತು ಅಲ್ಲಿ ಇರುವುದಿಲ್ಲ. “ನಾನು ಹುಷಾರಾಗಿರುತ್ತೇನೆ” ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಪೆಟ್ಟು ತಡೆಯುವ ಏರ್ಪಾಡು ಎಂಜಿನ್ ಶುರುಮಾಡುವ ಮೊದಲೇ ಆಗಿರಬೇಕು.

ಆ ಏರ್ಪಾಡುಗಳಲ್ಲಿ ಮುಖ್ಯವಾದದ್ದು ಮುಂದಿನ ಹಿಡಿಯ ಎದುರಿಗಿರುವ ತಡೆ, ಅಂದರೆ ಚೈನ್ ಬ್ರೇಕು. ಗರಗಸ ಚಿಮ್ಮಿದಾಗ ಎಡಗೈ ಮಣಿಕಟ್ಟು ತಾಗಿಯೋ, ಚಿಮ್ಮಿದ ರಭಸಕ್ಕೇ ತಾನಾಗಿಯೋ ಅದು ಮುಂದಕ್ಕೆ ಬಿದ್ದು ಚೈನನ್ನು ನಿಲ್ಲಿಸುತ್ತದೆ. ಇದನ್ನು ದಿನವೂ ಕೆಲಸಕ್ಕೆ ಮುಂಚೆ ಪರೀಕ್ಷಿಸತಕ್ಕದ್ದು: ಎಂಜಿನ್ ವೇಗವಾಗಿ ಓಡುತ್ತಿರುವಾಗ ಹಿಡಿ ಬಿಡದೆ ಎಡ ಮಣಿಕಟ್ಟಿನಿಂದ ತಡೆಯನ್ನು ಮುಂದಕ್ಕೆ ಒತ್ತಿದರೆ ಚೈನು ತಟ್ಟನೆ ನಿಲ್ಲಬೇಕು. ನಿಲ್ಲದಿದ್ದರೆ ಆ ದಿನ ಆ ಗರಗಸಕ್ಕೆ ರಜೆ. ಮರದ ಪುಡಿಯೂ ಎಣ್ಣೆಯೂ ಸೇರಿ ಒಳಗೆ ಅಂಟು ಕಟ್ಟುವುದೇ ಬ್ರೇಕು ಕೆಡಲು ಸಾಮಾನ್ಯ ಕಾರಣ. “ಅಡ್ಡ ಬರುತ್ತದೆ” ಎಂದು ಈ ತಡೆಯನ್ನೇ ಬಿಚ್ಚಿಟ್ಟಿರುವ ಗರಗಸಗಳೂ ಉಂಟು. ಅಂಥದನ್ನು ತೋಟದೊಳಗೆ ಬಿಟ್ಟುಕೊಳ್ಳಲೇಬಾರದು. ಎಡಗೈ ಹೆಬ್ಬೆರಳು ಹಿಡಿಯನ್ನು ಕೆಳಗಿನಿಂದ ಸುತ್ತಿರಬೇಕು. ಮೇಲೆ ಚಾಚಿಕೊಂಡಿದ್ದರೆ ಮೊದಲ ಎಗರಿಗೇ ಹಿಡಿತ ತಪ್ಪುತ್ತದೆ. ಹೆಗಲಿಗಿಂತ ಎತ್ತರದಲ್ಲಿ ಕೊಯ್ಯಬಾರದು. ಏಣಿಯ ಮೇಲೆ ನಿಂತು, ಒಂದು ಕೈಯಲ್ಲಿ ಕೊಂಬೆ, ಇನ್ನೊಂದು ಕೈಯಲ್ಲಿ ಗರಗಸ ಹಿಡಿಯುವ ನಮ್ಮ ಕಡೆಯ ರೂಢಿಗೆ ನಾವು ಕಾಣುವ ಹೆಸರು ಒಂದೇ: ಮೂರ್ಖತನ. ಎತ್ತರದ ಹಾಲವಾಣದ ಕೊಂಬೆಗೆ ಇಂದಿಗೂ ಮರ ಹತ್ತಬಲ್ಲವನ ಕತ್ತಿಯೇ ಲೇಸು.

ಇನ್ನು ಷೆಡ್ಡಿನ ವಿಷಯ. ಮೊಂಡ ಚೈನಿನಿಂದ ಅಪಾಯ ಕಡಿಮೆ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವ ಇದಕ್ಕೆ ತದ್ವಿರುದ್ಧ. ಹರಿತವಾದ ಚೈನು ತಾನೇ ಮರವನ್ನು ಎಳೆದುಕೊಳ್ಳುತ್ತದೆ. ಮೊಂಡಾದಾಗ ನಾವು ಅದರ ಮೇಲೆ ಭಾರ ಹಾಕುತ್ತೇವೆ, ಮೂತಿಯಿಂದ ತಿವಿಯುತ್ತೇವೆ, ತೋಳು ಸೋಲುತ್ತದೆ. ಕೊಯ್ತ ಮುಗಿದ ಕ್ಷಣ ಆ ಭಾರವೆಲ್ಲ ತೊಡೆಯತ್ತ ಜಾರುತ್ತದೆ. ಗುರುತಿಸುವುದು ಸುಲಭ: ಹರಿತವಿದ್ದರೆ ಅವಲಕ್ಕಿಯಂಥ ಚಕ್ಕೆ ಬೀಳುತ್ತದೆ, ಮೊಂಡಾಗಿದ್ದರೆ ರಾಗಿಹಿಟ್ಟಿನಂಥ ಪುಡಿ. ಗಾಳಿಗೆ ಬಿದ್ದ ಮರದ ಸಿಪ್ಪೆಗೆ ಮೆತ್ತಿದ ಮಣ್ಣು, ಬೇಲಿಸಾಲಿನ ಸಿಲ್ವರ್ ಓಕಿನೊಳಗೆ ಹುದುಗಿಹೋದ ಮೊಳೆ ಮತ್ತು ತಂತಿ, ಇವು ಚೈನಿನ ಶತ್ರುಗಳು.

ಹಲ್ಲು ಅರೆಯುವಾಗ ಎಂಜಿನ್ ನಿಂತಿರಬೇಕು, ಪ್ಲಗ್ಗಿನ ತಂತಿ ಕಳಚಿರಬೇಕು, ಬಾರು ವೈಸಿನಲ್ಲಿ ಬಿಗಿದಿರಬೇಕು, ಕೈಗೆ ಗವಸು ಇರಬೇಕು. ನಿಂತ ಚೈನೂ ಬೆರಳು ಕೊಯ್ಯುತ್ತದೆ. ದುಂಡು ಅರದ ಗಾತ್ರ ಚೈನಿಗೆ ತಕ್ಕದ್ದಾಗಿರಲಿ: ಸಣ್ಣ ಗರಗಸಗಳ ತಗ್ಗು ಚೈನಿಗೆ 4 ಮಿಲಿಮೀಟರ್, ಮಧ್ಯಮ ಗರಗಸಗಳ .325 ಇಂಚಿನದಕ್ಕೆ 4.8 ಮಿಲಿಮೀಟರ್. ಒಳಗಿನಿಂದ ಹೊರಕ್ಕೆ, ಮುಂದಕ್ಕೆ ಮಾತ್ರ ಅರ ಹಾಕಿ, ಎಲ್ಲ ಹಲ್ಲಿಗೂ ಸಮ ಎಳೆತ ಕೊಡಬೇಕು.

ಪ್ರತಿ ಹಲ್ಲಿನ ಮುಂದೊಂದು ಸಣ್ಣ ಗೂನು ಇದೆ. ಅನೇಕರು ಗಮನಿಸದ ಈ ಗೂನಿನ ಮೇಲೆ ಬಹಳ ನಿಂತಿದೆ. ಹಲ್ಲು ಎಷ್ಟು ಆಳ ಕಚ್ಚಬೇಕೆಂಬುದನ್ನು ನಿರ್ಧರಿಸುವುದು ಅದೇ. ಸಾಮಾನ್ಯವಾಗಿ ಹಲ್ಲಿನ ತುದಿಗಿಂತ ಅದು 0.65 ಮಿಲಿಮೀಟರಿನಷ್ಟೇ ತಗ್ಗಿನಲ್ಲಿರುತ್ತದೆ. ಹಲ್ಲು ಸವೆದಂತೆ ಗೂನನ್ನೂ ಚಪ್ಪಟೆ ಅರದಿಂದ ಅಳತೆಪಟ್ಟಿ ಇಟ್ಟು ತಗ್ಗಿಸಬೇಕಾಗುತ್ತದೆ. ಬೇಗ ಕೊಯ್ಯಲೆಂದು ಅಂದಾಜಿನಲ್ಲಿ ಅದನ್ನು ಹೆಚ್ಚು ತೆಗೆದುಬಿಟ್ಟರೆ ಹಲ್ಲು ಮರವನ್ನು ಗಬಕ್ಕನೆ ಕಚ್ಚುತ್ತದೆ, ಮೂತಿ ಎಗರುವ ಸಂಭವವೂ ಹೆಚ್ಚುತ್ತದೆ. ಅಳತೆಪಟ್ಟಿಗೆ ಹೆಚ್ಚು ಹಣವಾಗದು. ಗರಗಸವಿರುವ ಪ್ರತಿ ಮನೆಯಲ್ಲೂ ಅದೊಂದು ಇರಲಿ.

ಗರಗಸವನ್ನು ಗಾಳಿಯಲ್ಲಿ ಜೋಲಿಸಿ ಹಗ್ಗ ಎಳೆಯಬಾರದು. ನೆಲಕ್ಕಿಟ್ಟು, ಬ್ರೇಕು ಹಾಕಿ, ಹಿಂದಿನ ಹಿಡಿಯನ್ನು ಕಾಲಿನಿಂದ ಒತ್ತಿ ಶುರುಮಾಡಬೇಕು. ಪೆಟ್ರೋಲ್ ತುಂಬಿದ ಸ್ಥಳದಿಂದ ಮೂರು ಮೀಟರಾದರೂ ದೂರ ಸರಿದು ಶುರುಮಾಡುವುದು ಕ್ಷೇಮ.

ಮಳೆಗಾಲದಲ್ಲಿ ಕಾಫಿ ಗಿಡಗಳ ಮೇಲೆ ಬಿಲ್ಲಿನಂತೆ ಬಾಗಿ ಬಿದ್ದ ಮರವನ್ನು ಕೊಯ್ಯುವಾಗ ಬಿಗಿಯಾಗಿ ಎಳೆದುಕೊಂಡಿರುವ ಬದಿಗೆ ಮೊದಲು ಗರಗಸ ಹಚ್ಚಿದರೆ ಮರ ಸಿಡಿದು ಬಡಿಯುತ್ತದೆ. ಅದುಮಿಕೊಂಡಿರುವ ಬದಿಯಲ್ಲಿ ಸ್ವಲ್ಪ ಕೊಯ್ದು, ಆಮೇಲೆ ಎದುರು ಬದಿಗೆ ಹೋಗಬೇಕು. ಮರ ಉರುಳಿಸುವಾಗ ಅದರ ಎತ್ತರದ ಎರಡರಷ್ಟು ದೂರದೊಳಗೆ ಬೇರೆ ಯಾರೂ ಇರಕೂಡದು, ನೋಡುತ್ತಾ ನಿಂತ ಯಜಮಾನರೂ ಸಹ.

ನಮ್ಮ ಸಣ್ಣ ಬೆಳೆಗಾರರಲ್ಲಿ ಹೆಚ್ಚಿನವರು ಗರಗಸದವನನ್ನು ಹೊರಗಿನಿಂದ ಕರೆಸುತ್ತಾರೆ. ಲುಂಗಿ ಕಟ್ಟಿ, ರಬ್ಬರ್ ಚಪ್ಪಲಿ ಮೆಟ್ಟಿ ಬಂದವನನ್ನು ಹಾಗೆಯೇ ಮರಕ್ಕೆ ಬಿಡುವುದು ಸರಿಯೆ? ಅವನ ಗಾಯಕ್ಕೆ ನಾವು ಹೊಣೆಯಲ್ಲವೆಂದು ಹೇಳಿ ಪಾರಾಗುವಂತಿಲ್ಲ. ಒಳಪದರದಲ್ಲಿ ಉದ್ದ ನೂಲುಗಳಿರುವ ಕಾಲುಗವಸು ಸಿಗುತ್ತದೆ. ಚೈನು ತಾಗಿದೊಡನೆ ನೂಲು ಎಳೆದು ಬಂದು ಚಕ್ರಕ್ಕೆ ಸುತ್ತಿ ಗರಗಸವನ್ನೇ ನಿಲ್ಲಿಸುತ್ತದೆ. ನಮ್ಮ ಸೆಖೆಗೆ ಪೂರ್ತಿ ಷರಾಯಿ ಬೇಡವಾದರೆ ಮುಂಭಾಗಕ್ಕಷ್ಟೇ ಕಟ್ಟುವಂಥದಾದರೂ ಬೇಕು. ನಾಲ್ಕಾರು ಮನೆಯವರು ಸೇರಿ ಒಂದು ಜೊತೆ ಕಾಲುಗವಸು, ಮುಖಜಾಲರಿಯ ಶಿರಸ್ತ್ರಾಣ, ಕಿವಿಮುಚ್ಚುಗಳನ್ನು ಕೊಂಡಿಟ್ಟರೆ ಸರದಿಯಂತೆ ಎಲ್ಲರ ಮರಗಸಿಗೂ ಒದಗುತ್ತದೆ. ಕೂಲಿಯನ್ನು ಮರದ ಲೆಕ್ಕಕ್ಕಿಂತ ದಿನದ ಲೆಕ್ಕದಲ್ಲಿ ಕೊಡುವುದೂ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಮರಕ್ಕಿಷ್ಟು ಎಂದಾಗ ಅರ ಹಾಕಲು ಕೂರುವವನು ಯಾರು?

ಇಷ್ಟಾಗಿಯೂ ಗಾಯವಾದರೆ ಮೊದಲು ಶುಭ್ರವಾದ ಬಟ್ಟೆಯಿಂದ ಗಾಯವನ್ನು ಬಲವಾಗಿ, ಎಡೆಬಿಡದೆ ಒತ್ತಿ ಹಿಡಿಯಿರಿ. ಕಾಫಿಪುಡಿ, ಅರಿಶಿನ ತುಂಬುವ ಹಳೆಯ ಪದ್ಧತಿ ಬೇಡ. ವೈದ್ಯರಿಗೆ ಅದನ್ನೆಲ್ಲ ತೊಳೆದು ತೆಗೆಯುವುದೇ ಕೆಲಸವಾಗುತ್ತದೆ. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದೆ ಚಿಮ್ಮುತ್ತಿದ್ದರೆ ಗಾಯಕ್ಕಿಂತ ಮೇಲೆ ಅಗಲವಾದ ಬಟ್ಟೆ ಕಟ್ಟಿ, ಕೋಲು ಸಿಕ್ಕಿಸಿ ತಿರುಪಿ, ರಕ್ತ ನಿಲ್ಲುವವರೆಗೆ ಬಿಗಿದು, ಕಟ್ಟಿದ ಸಮಯ ಬರೆದಿಡಿ. ಆಸ್ಪತ್ರೆ ಮುಟ್ಟುವವರೆಗೆ ಬಿಚ್ಚಬೇಡಿ. ಬೆರಳು ತುಂಡಾಗಿದ್ದರೆ ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಆ ಚೀಲವನ್ನು ಮಂಜುಗಡ್ಡೆಯಿರುವ ಇನ್ನೊಂದು ಚೀಲದಲ್ಲಿಟ್ಟು ಗಾಯಾಳುವಿನ ಜೊತೆಗೇ ಕಳುಹಿಸಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. 108ಕ್ಕೆ ಕರೆ ಮಾಡಬೇಕಾದಾಗ ತೋಟದ ತಗ್ಗಿನಲ್ಲಿ ಫೋನು ಸತ್ತಿರುತ್ತದೆ. ಆದ್ದರಿಂದ ಯಾವ ದಿಬ್ಬದಲ್ಲಿ ಸಿಗ್ನಲ್ ಸಿಗುತ್ತದೆ, ವಾಹನ ಯಾವ ಗೇಟಿನವರೆಗೆ ಬರಬಲ್ಲದು ಎಂಬುದನ್ನು ಕಸಿ ಶುರುವಾಗುವ ಹಿಂದಿನ ಸಂಜೆಯೇ ನೋಡಿ, ಕೆಲಸದವರೆಲ್ಲರಿಗೂ ತಿಳಿಸಿಡಿ.