ಉಯಿಲಿಲ್ಲದ ಮನೆಯಲ್ಲಿ ಮಲಮಕ್ಕಳ ಪಾಲು

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದು ಸುಮಾರು 900 ವರ್ಷಗಳಾದವು. ಸತ್ತವನ ಆಸ್ತಿ ಯಾರಿಗೆ ಸೇರಬೇಕು ಎಂಬುದಕ್ಕೆ ಅವನು ಹಿಡಿದ ಅಳತೆಗೋಲು ದೇಹದ ನಂಟು. ಒಂದೇ ಶರೀರದ ಅಂಶ ಹಂಚಿಕೊಂಡವರು ಸಪಿಂಡರು. ಅವರಲ್ಲಿ ಹತ್ತಿರದವರಿಗೆ ಮೊದಲ ಹಕ್ಕು. ಬಂಗಾಳದ ಜೀಮೂತವಾಹನ ಪಿಂಡ ಹಾಕುವ ಅರ್ಹತೆಯನ್ನು ನೋಡಿದರೆ ನಮ್ಮವನು ರಕ್ತವನ್ನು ನೋಡಿದ. ಹೆಂಡತಿ ಮಕ್ಕಳಿಲ್ಲದೆ ಸತ್ತವನ ಆಸ್ತಿ ತಂದೆಗಿಂತ ಮೊದಲು ತಾಯಿಗೆ ಹೋಗಬೇಕೆಂಬುದಕ್ಕೆ ಅವನು ಕೊಟ್ಟ ಕಾರಣವಂತೂ ಸೋಜಿಗದ್ದು: ತಂದೆ ಸವತಿಯ ಮಕ್ಕಳಿಗೂ ತಂದೆ, ತಾಯಿ ಹಾಗಲ್ಲ, ಆದ್ದರಿಂದ ಅವಳೇ ಹೆಚ್ಚು ಹತ್ತಿರ.

ಇದೇ ಹತ್ತಿರವನ್ನು ಜೀವವಿಜ್ಞಾನ ಬೇರೆ ಕಾರಣಕ್ಕೆ ಅಂಕಿಯಲ್ಲಿ ಅಳೆಯುತ್ತದೆ. ಜೀವಿಗಳು ಬಂಧುಗಳಿಗಾಗಿ ಯಾಕೆ ತ್ಯಾಗ ಮಾಡುತ್ತವೆ ಎಂದು ವಿವರಿಸಲು ಬ್ರಿಟನ್ನಿನ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1964ರಲ್ಲಿ ಈ ಲೆಕ್ಕವನ್ನು ಬಳಸಿದರು. ಹಂಚಿಕೊಂಡ ವಂಶವಾಹಿಗಳ ಪಾಲು ಹೆತ್ತವರಿಗೂ ಮಗುವಿಗೂ 1/2, ಒಡಹುಟ್ಟಿದವರ ನಡುವೆ ಸರಾಸರಿ 1/2, ಹೆತ್ತವರಲ್ಲಿ ಒಬ್ಬರು ಮಾತ್ರ ಒಂದೇ ಆಗಿದ್ದರೆ 1/4. ಮಲತಾಯಿಗೂ ಮಲಮಗನಿಗೂ ಸೊನ್ನೆ. ವಿಜ್ಞಾನೇಶ್ವರನಿಗೆ ವಂಶವಾಹಿಗಳು ಗೊತ್ತಿದ್ದವೆಂದು ಹೇಳಹೊರಟರೆ ಅತಿಯಾದೀತು. ಆದರೆ ಎರಡೂ ಲೆಕ್ಕಗಳಲ್ಲಿ ಸಾಕಿದ ಕೈಗೆ ಜಾಗವಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಬಹುಮಟ್ಟಿಗೆ ಈ ದಾರಿಯಲ್ಲೇ ನಡೆಯುತ್ತದೆ. ಹೆತ್ತ ತಾಯಿ ಮೊದಲ ವರ್ಗದ ವಾರಸುದಾರಳು. ಮಲತಾಯಿ ‘ತಂದೆಯ ವಿಧವೆ’ಯಾಗಿ ಎರಡನೆಯ ವರ್ಗದ ಆರನೆಯ ಸಾಲಿನಲ್ಲಿದ್ದಾಳೆ. ಹೆಂಗಸೊಬ್ಬಳು ಉಯಿಲು ಬರೆಯದೆ ತೀರಿಕೊಂಡರೆ ‘ಮಗ’ ಎಂಬ ಮಾತಿಗೆ ಮಲಮಗ ಒಳಪಡುವುದಿಲ್ಲ ಎಂದು 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅವಳಿಗೆ ಸ್ವಂತ ಮಕ್ಕಳೂ ಗಂಡನೂ ಇಲ್ಲದಿದ್ದಾಗ ಮಾತ್ರ ಅವನು ಗಂಡನ ವಾರಸುದಾರನಾಗಿ ಬರಬಹುದು.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹೆಂಡತಿ ತೀರಿಕೊಂಡ ಮೇಷ್ಟ್ರಿಗೆ ಒಬ್ಬ ಮಗ. ಅವರು ಮದುವೆಯಾದ ವಿಧವೆಗೆ ಮೊದಲ ಗಂಡನಿಂದ ಒಬ್ಬಳು ಪುಟ್ಟ ಮಗಳು. ಇಬ್ಬರಿಗೂ ಸೇರಿ ಇನ್ನೊಬ್ಬ ಮಗ ಹುಟ್ಟಿದ. ಮೇಷ್ಟ್ರ ತಾಯಿ ಈಗಿಲ್ಲ. ಮನೆ ಅವರ ಸ್ವಯಾರ್ಜಿತ. ಮೇಷ್ಟ್ರು ಮೊದಲು ಹೋದರೆ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ತಲಾ 1/3. ಆಮೇಲೆ ಹೆಂಡತಿ ಹೋದಾಗ ಅವಳ ಪಾಲು ಅವಳು ಹೆತ್ತ ಇಬ್ಬರಿಗೆ. ಕೊನೆಗೆ ದೊಡ್ಡವನಿಗೆ 1/3, ಕಿರಿಯನಿಗೆ 1/2, ಮಗಳಿಗೆ 1/6. ಹೆಂಡತಿಯೇ ಮೊದಲು ತೀರಿಕೊಂಡಿದ್ದರೆ? ಗಂಡುಮಕ್ಕಳಿಗೆ ಅರ್ಧರ್ಧ, ಮಗಳಿಗೆ ಏನೂ ಇಲ್ಲ. ಮನೆ ಹೆಂಡತಿಯ ಹೆಸರಿನಲ್ಲಿದ್ದು ಮೇಷ್ಟ್ರು ಮೊದಲು ಹೋಗಿದ್ದರೆ ದೊಡ್ಡವನ ಕೈ ಬರಿದು. ಅದೇ ಮನೆ, ಅದೇ ಮೂವರು ಮಕ್ಕಳು. ಮನೆ ಯಾರ ಹೆಸರಿನಲ್ಲಿತ್ತು, ಯಾರು ಮೊದಲು ಸತ್ತರು ಎಂಬುದೇ ಪಾಲನ್ನು ತೀರ್ಮಾನಿಸಿತು. ನನಗೆ ಇದು ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಒಡಹುಟ್ಟಿದವರ ವಿಷಯದಲ್ಲಿ ಕಾಯ್ದೆ ಜೀವವಿಜ್ಞಾನವನ್ನೂ ಬಿಟ್ಟು ಬೇರೆ ಹಾದಿ ಹಿಡಿಯುತ್ತದೆ. ತಂದೆ ಒಬ್ಬನೇ ಆಗಿ ತಾಯಂದಿರು ಬೇರೆಯಾದವರು ಪೂರ್ಣರಕ್ತದವರ ಹಿಂದೆ ನಿಂತರೂ ಪಟ್ಟಿಯಲ್ಲಿದ್ದಾರೆ. ತಾಯಿ ಒಬ್ಬಳೇ ಆಗಿ ತಂದೆಯರು ಬೇರೆಯಾದವರನ್ನು ಎರಡನೆಯ ವರ್ಗದ ‘ಸಹೋದರ, ಸಹೋದರಿ’ ಎಂಬ ಮಾತಿನಿಂದಲೇ ಹೊರಗಿಟ್ಟಿದೆ. ಇಬ್ಬರ ನಂಟೂ 1/4. ತಾಯಿಯ ರಕ್ತ ಯಾಕೆ ಹಗುರ ಎಂಬುದಕ್ಕೆ ಉತ್ತರ ಪಿತೃಪ್ರಧಾನ ವಂಶದ ಕಲ್ಪನೆಯಲ್ಲಿದೆ, ದೇಹದಲ್ಲಿಲ್ಲ.

ಹಾಗಾದರೆ ದಾರಿ ಏನು? ಮಲಮಗು ಚಿಕ್ಕದಿರುವಾಗಲೇ ಅದನ್ನು ಕಾನೂನುಬದ್ಧವಾಗಿ ದತ್ತು ಪಡೆದರೆ ಅದಕ್ಕೆ ಸ್ವಂತ ಮಗುವಿನ ಹಕ್ಕು ಬರುತ್ತದೆ. ಬೆಳೆದ ಮೇಲೆ ಉಳಿಯುವುದು ಉಯಿಲು. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಆದರೂ ನೋಂದಾಯಿಸುವುದು ಒಳ್ಳೆಯದು. ಮುಂದೆ ತಕರಾರು ಬಂದರೆ ಅದು ನೆರವಾಗುತ್ತದೆ. ಮೇಷ್ಟ್ರು ಮನೆಯನ್ನೆಲ್ಲ ಹೆಂಡತಿಗೇ ಬರೆದು ನಿಶ್ಚಿಂತರಾದರೆ ಸಾಲದು. ಅವಳು ಉಯಿಲಿಲ್ಲದೆ ಹೋದರೆ ದೊಡ್ಡ ಮಗ ಮತ್ತೆ ಹೊರಗುಳಿಯುತ್ತಾನೆ. ಇಬ್ಬರೂ ಬರೆಯಬೇಕು, ಮೂವರು ಮಕ್ಕಳ ಹೆಸರನ್ನೂ ಬಿಡಿಸಿ ಹೇಳಬೇಕು.