ಹಿರೇಬೆಣಕಲ್ಲಿನ ಮೋರ್ಯರ ಮನೆಗಳು

ತೋಟಗಾರನಿಗೆ ವರ್ಷದಲ್ಲಿ ಬಿಡುವು ಎಂಬುದು ಅಪರೂಪ. ಅಡಿಕೆ ಕೊಯ್ಲು, ಸುಲಿತ, ಬೇಯಿಸುವುದು ಮುಗಿಯುವ ಹೊತ್ತಿಗೆ ಕಾಫಿ ಹಣ್ಣು ಕೈಗೆ ಬಂದಿರುತ್ತದೆ. ಅದೂ ಒಣಗಿ ಚೀಲ ಸೇರಿದ ಮೇಲೆ, ಹೂಮಳೆ ಬೀಳುವ ಮುಂಚೆ, ನಾಲ್ಕಾರು ದಿನ ಸಿಕ್ಕರೆ ಸಿಕ್ಕಿತು. ಆ ಬಿಡುವಿನಲ್ಲಿ ಸಂಘದ ಸದಸ್ಯರನ್ನು ಪ್ರತಿವರ್ಷ ಎಲ್ಲಿಗಾದರೂ ಕರೆದೊಯ್ಯುವುದು ನಮ್ಮ ವಾಡಿಕೆ. ಸಾಮಾನ್ಯವಾಗಿ ಸಂಶೋಧನಾ ಕೇಂದ್ರ, ಮಾದರಿ ತೋಟ, ಇಲ್ಲವೇ ದೇವಸ್ಥಾನ. ಈ ಬಾರಿ ಮೂರೂ ಅಲ್ಲದ ಕಡೆಗೆ ಹೋಗಿಬಂದೆವು. ಖರ್ಚನ್ನು ಹೋದವರೇ ಹಂಚಿಕೊಂಡದ್ದರಿಂದ ಸಂಘದ ಲೆಕ್ಕಕ್ಕೆ ಭಾರವಿಲ್ಲವೆಂಬುದನ್ನು ಮೊದಲೇ ತಿಳಿಸುತ್ತೇವೆ.

ನಾವು ಹೋದದ್ದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿಗೆ. ಜೊಯಿಡಾ, ದಾಂಡೇಲಿ, ಹಳಿಯಾಳದವರು ಒಂದೇ ವಾಹನದಲ್ಲಿ ಹೊರಟೆವು. ಮುಂಡಗೋಡಿನವರು ಹುಬ್ಬಳ್ಳಿಯಲ್ಲಿ ಕೂಡಿಕೊಂಡರು. ಗದಗ ದಾಟಿದ ಮೇಲೆ ಹಸಿರು ಹಿಂದೆ ಸರಿದು, ಕೊಪ್ಪಳದಿಂದ ಮುಂದೆ ಕಂಡದ್ದೆಲ್ಲ ಬಂಡೆಯ ಗುಡ್ಡಗಳು. ಯಾರೋ ಕೈಯಿಂದ ಒಂದರ ಮೇಲೊಂದು ಪೇರಿಸಿಟ್ಟಂತಿದ್ದವು. ನೆರಳಿಲ್ಲದೆ ಬದುಕಿ ಗೊತ್ತಿಲ್ಲದ ನಮ್ಮವರಿಗೆ ಆ ನೋಟವೇ ಹೊಸದು.

ಈ ಗುಡ್ಡಕ್ಕೆ ಮೋರ್ಯರ ಗುಡ್ಡವೆಂದು ಹೆಸರು. ಮೇಲಕ್ಕೆ ವಾಹನ ಹೋಗುವ ರಸ್ತೆ ಇಲ್ಲ. ಬಂಡೆಗಳ ಸಂದಿಯಲ್ಲಿ, ಮುಳ್ಳುಕಂಟಿಯ ನಡುವೆ ಒಂದು ತಾಸಿಗೂ ಮಿಕ್ಕಿ ಏರಬೇಕು. ದಾರಿ ತೋರಿಸಲು ಬಂದ ಊರಿನ ಯುವಕ ಕುರಿ ಕಾಯುವವ. ನಮ್ಮ ಹಿರಿಯ ಸದಸ್ಯರು ಏದುಸಿರು ಬಿಡುವುದನ್ನು ಕಂಡು, "ಸಾವಕಾಶ ಬರ್ರಿ ಯಜಮಾನ್ರ, ಕಲ್ಲು ಸಾವಿರಾರು ವರ್ಷದಿಂದ ಅಲ್ಲೇ ಅದಾವು, ಎಲ್ಲೂ ಓಡಿ ಹೋಗಂಗಿಲ್ಲ" ಎಂದ.

ಮೇಲೆ ಹೋಗಿ ನಿಂತಾಗ ಮಾತು ತಾನಾಗಿ ನಿಂತಿತು. ಬಂಡೆಯ ಬಯಲಿನಲ್ಲಿ ಸಾಲುಸಾಲಾಗಿ ಕಲ್ಲಿನ ಮನೆಗಳು. ಚಪ್ಪಡಿಗಳನ್ನು ನಿಲ್ಲಿಸಿ ಗೋಡೆ ಮಾಡಿ, ಮೇಲೊಂದು ದೊಡ್ಡ ಚಪ್ಪಡಿಯನ್ನು ಮುಚ್ಚಿಗೆಯಾಗಿ ಹೊದಿಸಿದ್ದಾರೆ. ಗಾರೆ ಇಲ್ಲ, ಮಣ್ಣಿಲ್ಲ. ಭಾರವೇ ಭಾರವನ್ನು ಹಿಡಿದು ನಿಲ್ಲಿಸಿದೆ. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರವನ್ನೂ ಮೀರಿದವು. ಎಷ್ಟೋ ಗೋಡೆಗಳಲ್ಲಿ ದುಂಡನೆಯ ಕಿಂಡಿ ಕೊರೆದಿದೆ. ಒಳಗೆ ಇಣುಕಿದರೆ ಬರಿದು. ಇಂಥ ರಚನೆಗಳು ಇಲ್ಲಿ ಸುಮಾರು 400 ಇವೆ. ಪುರಾತತ್ವಜ್ಞರು ಇವನ್ನು ಬೃಹತ್ ಶಿಲಾಯುಗದ ಶವಸಂಸ್ಕಾರದ ಸ್ಮಾರಕಗಳೆಂದು ಗುರುತಿಸಿ, ಕಾಲವನ್ನು ಸುಮಾರು ಕ್ರಿ.ಪೂ. 800ರಿಂದ ಕ್ರಿ.ಪೂ. 200ರವರೆಗೆ ಎಂದು ಹೇಳುತ್ತಾರೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿರುವುದು ಹಲವರಿಗೆ ಗೊತ್ತು. ಅಶೋಕನ ಆಳು ಅಲ್ಲಿ ಅಕ್ಷರ ಕೊರೆಯುವ ಹೊತ್ತಿಗೇ ಈ ಮನೆಗಳಲ್ಲಿ ಹಲವು ಹಳೆಯವಾಗಿದ್ದವು ಎಂದರೆ ಅವುಗಳ ಪ್ರಾಯ ಮನಸ್ಸಿಗೆ ಬಂದೀತು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲು ನೋಡದವರಿಲ್ಲ. ಅವುಗಳಲ್ಲಿ ಕುದುರೆ, ಕತ್ತಿ, ಸೂರ್ಯಚಂದ್ರ ಕೆತ್ತಿರುತ್ತಾರೆ. ಸತ್ತವನು ಯಾರು, ಏಕೆ ಸತ್ತ ಎಂಬುದು ಒಮ್ಮೊಮ್ಮೆ ಅಕ್ಷರದಲ್ಲೂ ಇರುತ್ತದೆ. ಹಿರೇಬೆಣಕಲ್ಲಿನ ಮನೆಗಳು ಅದಕ್ಕಿಂತ ಬಹಳ ಹಿಂದಿನವು. ಅಲ್ಲಿ ಹೆಸರಿಲ್ಲ, ಶಾಸನವಿಲ್ಲ. ಹತ್ತಿರದ ಕಲ್ಲಾಸರೆಗಳಲ್ಲಿ ಮಾತ್ರ ಕೆಂಪು ಬಣ್ಣದಲ್ಲಿ ಬೇಟೆ, ಕುಣಿತ, ಪ್ರಾಣಿಗಳ ಚಿತ್ರ ಬರೆದಿದ್ದಾರೆ.

ಮೋರ್ಯರೆಂದರೆ ಯಾರು? ಗಿಡ್ಡ ಜನರು, ಕಲ್ಲಿನ ಮನೆ ಕಟ್ಟಿಕೊಂಡು ಬಾಳಿದವರು ಎಂಬುದು ಜನರ ನಂಬಿಕೆ. ಕಿಂಡಿಯ ಅಳತೆ ನೋಡಿ ಹುಟ್ಟಿದ ಕಥೆ ಇರಬೇಕು. ಬೇರೆ ಕಡೆ ಇಂಥವನ್ನೇ ಪಾಂಡವರ ಮನೆ ಎನ್ನುತ್ತಾರೆ. ಹೈದರಾಬಾದ್ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1835ರಲ್ಲೇ ಇವನ್ನು ಗಮನಿಸಿದ್ದ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಡಾ. ಅ. ಸುಂದರ ಅವರು ದಕ್ಷಿಣ ಭಾರತದ ಇಂಥ ಕಲ್ಗೋರಿಗಳ ಬಗ್ಗೆ 1975ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. 2021ರಲ್ಲಿ ಈ ತಾಣ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ರೈತನ ಕಣ್ಣು ಮೊದಲು ಕೆಲಸವನ್ನೇ ನೋಡುತ್ತದೆ. ನಮ್ಮವರು ಅಲ್ಲೇ ಕುಳಿತು ಲೆಕ್ಕ ಹಾಕಿದರು. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಕಾಲು ಮೀಟರ್ ದಪ್ಪದ ಚಪ್ಪಡಿ ಎಂದರೆ ನಾಲ್ಕು ಟನ್. ಐವತ್ತು ಕಿಲೋ ತೂಕದ ಎಂಬತ್ತು ಚೀಲ! ಅದನ್ನು ಬಂಡೆಯಿಂದ ಸೀಳಿ, ಸಾಗಿಸಿ, ಗೋಡೆಯ ಮೇಲೆ ಏರಿಸಬೇಕು. ಸನ್ನೆಕೋಲು, ಹಗ್ಗ, ಇಳಿಜಾರು, ಜೊತೆಗೆ ಒಂದೇ ದನಿಗೆ ಎಳೆಯುವ ಹತ್ತಾರು ಕೈಗಳು ಬೇಕು. "ಇದು ಒಬ್ಬ ಯಜಮಾನನ ಕೆಲಸವಲ್ಲ, ಊರೇ ಸೇರಿ ಮಾಡಿದ್ದು" ಎಂದು ಜೊಯಿಡಾದ ಹಿರಿಯರೊಬ್ಬರು ಹೇಳಿದಾಗ ಸಹಕಾರಿಗಳಾದ ನಮಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಕಲ್ಲು ತೆಗೆದ ಜಾಗವನ್ನೂ ಅವರು ವ್ಯರ್ಥ ಬಿಟ್ಟಿಲ್ಲ. ಆ ಗುಂಡಿ ಮಳೆನೀರು ನಿಲ್ಲುವ ಕೆರೆಯಾಗಿದೆ. ಇನ್ನೊಂದು ಕಡೆ ಎತ್ತರದ ಬಂಡೆಯ ಮೇಲೆ ನಗಾರಿಯಂಥ ಅರೆಗೋಲದ ಕಲ್ಲು ಇದೆ. ಬಡಿದರೆ ದನಿ ದೂರಕ್ಕೆ ಕೇಳುತ್ತದೆ. ಯಾರೂ ಬಡಿಯಬಾರದೆಂದು ನಾವೇ ಕಟ್ಟಪ್ಪಣೆ ಮಾಡಿದೆವು.

ಬೇಸರ ತಂದದ್ದೂ ಉಂಟು. ಕೆಲವು ಮನೆಗಳ ಮುಚ್ಚಿಗೆ ಜಾರಿ ಬಿದ್ದಿದೆ, ಕೆಲವು ಗೋಡೆ ಒಡೆದಿವೆ. ನಿಧಿಯ ಆಸೆಗೆ ಹಳೆಯ ಕಲ್ಲುಗಳ ಬುಡ ಅಗೆಯುವ ಚಾಳಿ ನಮ್ಮ ನಾಡಿನಲ್ಲಿ ಎಲ್ಲ ಕಡೆಯೂ ಇದೆ. ನಿಜಕ್ಕೂ ಇಂಥ ಗೋರಿಗಳಲ್ಲಿ ಸಿಗುವುದು ಎಲುಬು, ಕಪ್ಪು ಕೆಂಪು ಮಡಕೆ, ತುಕ್ಕು ಹಿಡಿದ ಕಬ್ಬಿಣ. ಕಳ್ಳನಿಗೆ ಅವು ಕಸ, ತಿಳಿದವನಿಗೆ ಅವೇ ಚರಿತ್ರೆ.

ಮರಳುವ ದಾರಿಯಲ್ಲಿ ಹಳಿಯಾಳ ಕಡೆಯ ಸದಸ್ಯರೊಬ್ಬರು ಮೆಲ್ಲನೆ ಹೇಳಿದರು: "ಕಾರ್ಯದರ್ಶಿಗಳೇ, ನಮ್ಮ ಬೇಣದಲ್ಲೂ ಒಂದು ಕಲ್ಲು ನೆಟ್ಟಗೆ ನಿಂತಿದೆ. ಅಜ್ಜನ ಕಾಲಕ್ಕೂ ಇತ್ತಂತೆ. ಕೃಷಿಹೊಂಡಕ್ಕೆ ಅಡ್ಡ ಬರುತ್ತದೆಂದು ಒಡೆಸಲು ಬರುವ ವಾರ ಜೆಸಿಬಿಗೆ ಹೇಳಿದ್ದೇನೆ. ಸರ್ಕಾರಕ್ಕೆ ತಿಳಿಸಿದರೆ ಜಮೀನೇ ಹೋದೀತೇ?"

ಈ ಹೆದರಿಕೆ ಅವರೊಬ್ಬರದಲ್ಲ. ಆದ್ದರಿಂದ ಇಲ್ಲಿಯೇ ಬಿಡಿಸಿ ಹೇಳುತ್ತೇವೆ. 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ, ರಕ್ಷಿತವೆಂದು ಘೋಷಿತವಾದ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಘೋಷಣೆಯಾಗದ ಕಲ್ಲಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಕಲ್ಲೊಂದು ನಿಂತಿದೆಯೆಂದು ತಿಳಿಸಿದ ಮಾತ್ರಕ್ಕೆ ತೋಟ ಕೈಬಿಟ್ಟು ಹೋಗುವುದಿಲ್ಲ.

ಮಲೆನಾಡಿನಲ್ಲಿ ಇಂಥ ಕಲ್ಲುಗಳಿಲ್ಲವೆಂದು ಭಾವಿಸಬೇಡಿ. ಅಡಿಕೆ ಸೀಮೆಯೇ ಆದ ಹೊಸನಗರ ತಾಲ್ಲೂಕಿನ ನಿಲಸ್ಕಲ್ಲಿನಲ್ಲಿ ನಿಲುವುಗಲ್ಲುಗಳ ಗುಂಪೇ ಇದೆ. ಊರಿನ ಹೆಸರೇ ಅದನ್ನು ಸಾರುತ್ತದೆ. ಅಲ್ಲಿನ ಕೆಲವು ಜೋಡಿಕಲ್ಲುಗಳು ಉತ್ತರಾಯಣ, ದಕ್ಷಿಣಾಯನದ ತಿರುವಿನ ಸೂರ್ಯನ ದಿಕ್ಕಿಗೆ ಹೊಂದುತ್ತವೆ ಎಂದು ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮೊದಲಾದ ಸಂಶೋಧಕರು ತೋರಿಸಿದ್ದಾರೆ. ಒಂದು ಕಲ್ಲನ್ನು ಕಿತ್ತಿದ್ದರೂ ಆ ಲೆಕ್ಕ ತಪ್ಪುತ್ತಿತ್ತು.

ಸೂಪಾದ ಹಳೆಯ ಪೇಟೆ ಕಾಳಿ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ್ದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡವರು. ತಮ್ಮ ಊರಿನ ಗುರುತು ಅಳಿಯುವುದೆಂದರೆ ಏನೆಂದು ಅವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಅದು ನಮ್ಮ ಕೈಮೀರಿದ ಮಾತಾಗಿತ್ತು. ಬೇಣದ ಕಲ್ಲು ಹಾಗಲ್ಲ, ಅದು ನಮ್ಮ ಕೈಯಲ್ಲೇ ಇದೆ.

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ತೋಟ, ಬೆಟ್ಟ, ಬೇಣಗಳಲ್ಲಿ ನೆಟ್ಟ ಕಲ್ಲು, ಕಲ್ಲಿನ ವೃತ್ತ, ಚಪ್ಪಡಿಯ ಗೂಡು ಕಂಡರೆ ಒಡೆಯಬೇಡಿ, ಬುಡ ಅಗೆಯಬೇಡಿ, ಜಾಗ ಬದಲಿಸಬೇಡಿ. ಕುಂಕುಮ ಹಚ್ಚಿದರೆ ಅಡ್ಡಿಯಿಲ್ಲ, ಸಿಮೆಂಟ್ ಹಚ್ಚಬೇಡಿ. ಎತ್ತರ, ದಪ್ಪ, ಮುಖದ ದಿಕ್ಕು ಬರೆದು, ಒಂದು ಚಿತ್ರ ತೆಗೆದು ಸಂಘದ ಕಚೇರಿಗೆ ಕೊಡಿ. ಪುರಾತತ್ವ ಇಲಾಖೆಗೂ ವಿಶ್ವವಿದ್ಯಾಲಯಕ್ಕೂ ನಾವು ಬರೆಯುತ್ತೇವೆ. ದನ ಮೈ ತಿಕ್ಕಿಕೊಳ್ಳಲು ನೆಟ್ಟ ಕಲ್ಲೇ ಆಗಿದ್ದರೂ ಚಿಂತೆಯಿಲ್ಲ, ನೋಡಿದವರಿಗೆ ನಷ್ಟವಿಲ್ಲ.

ಹಳಿಯಾಳದ ಆ ಸದಸ್ಯರು ಹೊಂಡವನ್ನು ಹತ್ತು ಮಾರು ಕೆಳಗೆ ಸರಿಸಿದ್ದಾರೆ. ಯಂತ್ರದ ಬಾಡಿಗೆ ಎರಡು ತಾಸು ಹೆಚ್ಚಾಯಿತು ಎಂದು ಗೊಣಗಿದರೂ ಕಲ್ಲಿನ ಅಳತೆಯನ್ನು ಅವರೇ ಬರೆದು ತಂದುಕೊಟ್ಟರು. ನಮ್ಮ ಕಡತದಲ್ಲಿ ಸದ್ಯಕ್ಕೆ ಇರುವುದು ಅದೊಂದೇ ಹಾಳೆ. ಉಳಿದ ಹಾಳೆಗಳನ್ನು ಸದಸ್ಯರಿಂದ ನಿರೀಕ್ಷಿಸುತ್ತೇವೆ.