ಹಳೆಯ ಯೆಜ್ಡಿಯ ಬೇರಿಂಗ್ ಉಳಿಸಿಕೊಳ್ಳುವುದು ಹೇಗೆ?

ಮೈಸೂರಿನಿಂದ ಬೆಳಗೊಳದ ಮೂಲಕ ಕನ್ನಂಬಾಡಿಗೆ ಸಾಗುವ ರಸ್ತೆಯಲ್ಲಿ ಹಳೆಯ ಜಾವಾ, ಯೆಜ್ಡಿ ಬೈಕುಗಳ ಸದ್ದು ಇನ್ನೂ ಅಡಗಿಲ್ಲ. ಅವು ತಯಾರಾದದ್ದು ಮೈಸೂರಿನ ಯಾದವಗಿರಿಯಲ್ಲಿ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮರಳಿತಾದರೂ ಹೊಸ ಬೈಕಿನದು ಫೋರ್ ಸ್ಟ್ರೋಕ್ ಎಂಜಿನ್; ಅದರ ಬಿಡಿಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ. ಹೀಗಾಗಿ ಹಳೆಯ ಎಂಜಿನ್ನಿನ ಬೇರಿಂಗ್ ಹಾಳಾದರೆ ಒಳ್ಳೆಯ ಬಿಡಿಭಾಗವನ್ನೂ ನುರಿತ ಕೈಯನ್ನೂ ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ಈ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಬೇರಿಂಗುಗಳಿಗೆ ಆಯಿಲ್ ಪಂಪ್ ಇಲ್ಲ. ಪೆಟ್ರೋಲಿಗೆ ಬೆರೆಸಿದ 2ಟಿ ಆಯಿಲ್ ಕ್ರ್ಯಾಂಕ್ ಕೋಣೆಯನ್ನು ಹಾದುಹೋಗುವಾಗ ಅಂಟಿಸುವ ತೆಳುಪದರವೇ ಅವುಗಳ ರಕ್ಷಣೆ. ಲೀಟರಿಗೆ 30ರಿಂದ 40 ಮಿ.ಲೀ. ಆಯಿಲ್ ಬೆರೆಸುವುದು ರೂಢಿ. ಹೊಗೆ ತಗ್ಗಿಸಲೆಂದು ಇದನ್ನು ಅರ್ಧಕ್ಕಿಳಿಸುವವರಿದ್ದಾರೆ. ಹೊಗೆಯೇನೋ ಕಡಿಮೆಯಾದೀತು, ಅದರ ಬೆಲೆ ತೆರುವುದು ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್. ಕಣ್ಣಂದಾಜಿನಲ್ಲಿ ಸುರಿಯದೆ ಅಳತೆಯ ಲೋಟ ಬಳಸಬೇಕು.

ಬಹಳ ಮಂದಿ ಗಮನಿಸದ ಇನ್ನೊಂದು ಸಂಗತಿ ಇಳಿಜಾರಿನದು. ಚಾಮುಂಡಿ ಬೆಟ್ಟದಿಂದ ಗೇರಿನಲ್ಲೇ, ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಳಿಯುವಾಗ ಎಂಜಿನ್ ವೇಗವಾಗಿ ತಿರುಗುತ್ತಿರುತ್ತದೆ. ಒಳಕ್ಕೆ ಹೋಗುವ ಪೆಟ್ರೋಲ್ ಮಾತ್ರ ಅತ್ಯಲ್ಪ. ಪೆಟ್ರೋಲ್ ಇಲ್ಲದಿದ್ದರೆ ಆಯಿಲ್ ಕೂಡ ಇಲ್ಲ! ಆಗಾಗ ಆಕ್ಸಿಲರೇಟರನ್ನು ತುಸು ತಿರುಗಿಸುತ್ತ ಇಳಿಯುವುದು ಲೇಸು.

ಓಡುವ ಬೈಕಿಗಿಂತ ನಿಂತ ಬೈಕಿಗೇ ಅಪಾಯ ಹೆಚ್ಚೆಂದರೂ ತಪ್ಪಾಗದು. ಈಗ ಬಂಕುಗಳಲ್ಲಿ ಬಹುತೇಕ ದೊರೆಯುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ತೇವವನ್ನು ಹೀರುತ್ತದೆ. ಮಳೆಗಾಲವಿಡೀ ಷೆಡ್ಡಿನಲ್ಲಿ ನಿಂತರೆ ಬೇರಿಂಗಿನ ಉಕ್ಕಿನ ಮೇಲೆ ತುಕ್ಕಿನ ಸಣ್ಣ ಗುಳಿಗಳು ಬೀಳುತ್ತವೆ; ಮತ್ತೆ ಓಡಿಸಿದಾಗ ಸವೆತ ಅಲ್ಲಿಂದಲೇ ಆರಂಭ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್, ಕಾರ್ಬ್ಯುರೇಟರ್ ಎರಡನ್ನೂ ಬರಿದು ಮಾಡಬೇಕು. ಕ್ರ್ಯಾಂಕಿನ ಆಯಿಲ್ ಸೀಲ್ ಗಡಸಾಗಿ ಗಾಳಿ ಒಳನುಗ್ಗಿದರೂ ಎಂಜಿನ್ ಅತಿಯಾಗಿ ಕಾಯುತ್ತದೆ.

ವೇಗ ಏರಿದಂತೆ ಗುಡುಗುಡು ಸದ್ದು, ಕಾಲೊತ್ತಿನಲ್ಲಿ ಹೊಸ ನಡುಕ ಕಂಡರೆ ಓಡಿಸುವುದನ್ನು ನಿಲ್ಲಿಸಿ. ಸಿಲಿಂಡರ್ ಬಿಚ್ಚಿ ರಾಡನ್ನು ಹಿಡಿದಾಗ ಅದು ಪಕ್ಕಕ್ಕೆ ತುಸು ಆಡುವುದು ಸಹಜ. ಮೇಲೆ ಕೆಳಗೆ ಆಡಿದರೆ ಬೇರಿಂಗ್ ಮುಗಿಯಿತೆಂದೇ ಲೆಕ್ಕ. ಕ್ರ್ಯಾಂಕನ್ನು ಸುತ್ತಿಗೆಯಿಂದ ಬಡಿದು ಬಿಚ್ಚುವವರ ಕೈಗೆ ಮಾತ್ರ ಕೊಡಬೇಡಿ. ಪ್ರೆಸ್ಸಿನಲ್ಲಿ ಬಿಡಿಸಿ, ಜೋಡಿಸಿದ ಮೇಲೆ ಡಯಲ್ ಗೇಜಿನಿಂದ ನೇರ ನೋಡುವ ವರ್ಕ್‌ಷಾಪ್ ಹುಡುಕಿ.